ಮೋಟರ್‌ಹೋಮ್‌ನ ಡ್ಯಾಶ್ ಎಸಿ: ಗ್ಯಾಸ್ ಡಬ್ಬಿ ಕೊಳ್ಳುವ ಮೊದಲು, ಕೊಂಡ ಮೇಲೆ

ಅಮೆರಿಕದ ಅರಿಜೋನಾದಲ್ಲಿ ಫೀನಿಕ್ಸ್‌ನಿಂದ ಫ್ಲ್ಯಾಗ್‌ಸ್ಟಾಫ್‌ಗೆ ಐ-17 ಹೆದ್ದಾರಿ ಹಿಡಿದು ಹೋದವರು ಆ ಬೋರ್ಡ್ ನೋಡಿರುತ್ತಾರೆ. ಬ್ಲ್ಯಾಕ್ ಕ್ಯಾನ್ಯನ್ ಸಿಟಿಯ ಹತ್ತಿರ ರಸ್ತೆ ಗುಡ್ಡ ಹತ್ತತೊಡಗುತ್ತದೆ, ಇಂಜಿನ್ ಕುದಿಯಬಾರದೆಂದರೆ ಎಸಿ ಆರಿಸಿ ಎಂದು ಪಕ್ಕದಲ್ಲಿ ಬರೆದಿದೆ. ನಮ್ಮ ಮೋಟರ್‌ಹೋಮ್‌ನಲ್ಲಿ, ಅಂದರೆ ಒಳಗೇ ವಾಸಿಸಬಹುದಾದ ಮನೆಗಾಡಿಯಲ್ಲಿ, ಮೊದಲ ಬೇಸಿಗೆ ಅಲ್ಲಿಗೆ ತಲುಪುವ ಹೊತ್ತಿಗೆ ಚಾಲಕನ ಮುಂದಿನ ಡ್ಯಾಶ್‌ನಿಂದ ಬಿಸಿಗಾಳಿ ಬರಲು ಶುರುವಾಗಿ ಅರ್ಧ ಗಂಟೆಯಾಗಿತ್ತು. ಊರಿಂದ ಬಂದಿದ್ದ ಅಮ್ಮ ಒದ್ದೆ ಟವೆಲನ್ನು ಕುತ್ತಿಗೆಗೆ ಸುತ್ತಿಕೊಂಡು ಮುಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಅವರು ಏನೂ ಹೇಳಲಿಲ್ಲ. ಹೇಳದೇ ಇದ್ದದ್ದೇ ನನಗೆ ಹೆಚ್ಚು ನೋವಾಯಿತು.

ಮನೆಗೆ ಮರಳಿದ ಮೇಲೆ ಒಂದು ವರ್ಕ್‌ಶಾಪಿಗೆ ಕೊಟ್ಟೆ. ಎರಡು ಡಬ್ಬಿ ಗ್ಯಾಸ್ ಹಾಕಿದರು, ತಣ್ಣಗಾಯಿತು, ಏಳು ವಾರ ಬಂತು. ಮತ್ತೆ ಹಾಕಿಸಿದೆ, ಮತ್ತೆ ಹೋಯಿತು. ಮೂರನೇ ಸಲ ಗ್ಯಾಸಿನ ಒತ್ತಡ ಅಳೆಯುವ ಗೇಜ್ ಸೆಟ್ ಕೊಂಡು ನಾನೇ ಬಗ್ಗಿ ನೋಡಿದಾಗ ತಿಳಿದದ್ದು: ಪೈಪಿನ ಕೀಲಿನ ರಬ್ಬರ್ ಉಂಗುರ, ಒಂದು ಹಳೆಯ ಓ-ರಿಂಗ್, ಸೋರುತ್ತಿತ್ತು, ಜೊತೆಗೆ ಹೀಟರಿನ ಬಿಸಿನೀರಿನ ವಾಲ್ವ್ ಪೂರ್ತಿ ಮುಚ್ಚುತ್ತಿರಲಿಲ್ಲ. ಎರಡನ್ನೂ ಯಾರೂ ನೋಡಿರಲಿಲ್ಲ. ಈಗ ಅರಿಜೋನಾ, ಟೆಕ್ಸಾಸ್, ಕ್ಯಾಲಿಫೋರ್ನಿಯಾಗಳಲ್ಲಿ ಹಳೆಯ ಮೋಟರ್‌ಹೋಮ್ ಕೊಳ್ಳುತ್ತಿರುವ ಕನ್ನಡದ ಕುಟುಂಬಗಳು ನನ್ನನ್ನು ಕೇಳುವ ಮೊದಲ ಪ್ರಶ್ನೆ "ಗ್ಯಾಸ್ ಎಷ್ಟು ಹಾಕಬೇಕು?" ಎಂಬುದು. ಅದು ಕೊನೆಯ ಪ್ರಶ್ನೆ ಆಗಬೇಕು. ಎಸಿಯ ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತುವಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಪ್ರತಿ ಬೇಸಿಗೆಗೆ ಒಮ್ಮೆ ತುಂಬಿಸುವ ರೂಢಿ ಊರಲ್ಲೂ ಇದೆ, ಇಲ್ಲೂ ಇದೆ. ಅದನ್ನು ಬಿಡಿಸುವುದೇ ಈ ಲೇಖನದ ಉದ್ದೇಶ.

ಯಾವ ಎಸಿಯ ಮಾತು ಇದು

ಮೋಟರ್‌ಹೋಮ್‌ನಲ್ಲಿ ಎರಡು ಬೇರೆ ಬೇರೆ ಎಸಿಗಳಿರುತ್ತವೆ. ಚಾವಣಿಯ ಮೇಲಿನದು ಮನೆಯ ಎಸಿಯಂಥದ್ದು. 120 ವೋಲ್ಟ್ ಕರೆಂಟಿಗೆ, ಅಂದರೆ ಕ್ಯಾಂಪ್‌ಗ್ರೌಂಡಿನ ಪ್ಲಗ್ಗಿಗೆ ಅಥವಾ ಜನರೇಟರಿಗೆ ಓಡುತ್ತದೆ. ತಣಿಸುವ ಶಕ್ತಿ ಸಾಮಾನ್ಯವಾಗಿ 13,500 ಅಥವಾ 15,000 ಬಿಟಿಯು ಇರುತ್ತದೆ. ಅದರ ಗ್ಯಾಸ್ ಕಾರ್ಖಾನೆಯಲ್ಲೇ ಮುಚ್ಚಿ ಬೆಸುಗೆ ಹಾಕಿದ್ದು, ನಾವು ಮುಟ್ಟುವಂಥದ್ದಲ್ಲ. ಡ್ಯಾಶ್ ಎಸಿ ಕಾರಿನ ಎಸಿಯ ಅಣ್ಣ. ಇಂಜಿನ್ನಿನ ಬೆಲ್ಟು ಕಂಪ್ರೆಸರ್ ತಿರುಗಿಸುತ್ತದೆ, ಇಂಜಿನ್ ನಿಂತರೆ ಇದೂ ನಿಂತಿತು.

ಅದು ಕೆಲಸ ಮಾಡುವ ರೀತಿ ಮಣ್ಣಿನ ಹೂಜಿಯದೇ. ಹೂಜಿಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಬಿಸಿಯನ್ನು ಹೊತ್ತೊಯ್ಯುತ್ತದೆ. ಇಲ್ಲಿ ನೀರಿನ ಬದಲು ಆರ್-134ಎ ಎಂಬ ದ್ರವ (ನಾವು ಗ್ಯಾಸ್ ಎನ್ನುವುದು ಇದನ್ನೇ), ಸಾಮಾನ್ಯ ಗಾಳಿಯೊತ್ತಡದಲ್ಲಿ ಅದು ಕುದಿಯುವುದೇ ಮೈನಸ್ 26 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಡ್ಯಾಶ್ ಒಳಗಿನ ಇವ್ಯಾಪರೇಟರ್‌ನಲ್ಲಿ ಅದು ಕುದಿದು ಆವಿಯಾಗುತ್ತ ಗಾಳಿಯ ಬಿಸಿ ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಮುಂದಿನ ಕಂಡೆನ್ಸರ್‌ಗೆ ತಳ್ಳುತ್ತದೆ, ಅಲ್ಲಿ ಬಿಸಿಯನ್ನು ಹೊರಗಾಳಿಗೆ ಬಿಟ್ಟು ಮತ್ತೆ ದ್ರವವಾಗುತ್ತದೆ. ಹೂಜಿಯ ನೀರು ಹಾರಿ ಹೋಗುತ್ತದೆ, ಇದು ಹಾರಿ ಹೋಗದೆ ಸುತ್ತುತ್ತಲೇ ಇರುತ್ತದೆ. ವ್ಯತ್ಯಾಸ ಅಷ್ಟೇ.

ಕಾರಿಗೂ ಮೋಟರ್‌ಹೋಮ್‌ಗೂ ಇರುವ ದೊಡ್ಡ ಅಂತರ ಬೇರೆಯೇ. ಕಾರಿನ ಎಸಿ ಪೂರ್ತಿ ಒಬ್ಬರೇ ಮಾಡಿದ್ದು. ಕ್ಲಾಸ್ ಎ ಮೋಟರ್‌ಹೋಮ್‌ನಲ್ಲಿ, ಅಂದರೆ ಇಂಜಿನ್, ಚಕ್ರಗಳಿರುವ ಬರೀ ಚಾಸಿಯ ಮೇಲೆ ಬಸ್ಸಿನಂತೆ ಪೂರ್ತಿ ಮನೆ ಕಟ್ಟಿದ್ದರಲ್ಲಿ, ಉದಾಹರಣೆಗೆ ನಮ್ಮದರಂತೆ ಫೋರ್ಡ್ ಎಫ್-53 ಚಾಸಿಯ ಮೇಲೆ ಕಟ್ಟಿದ್ದರಲ್ಲಿ, ಕಂಪ್ರೆಸರ್ ಚಾಸಿಯವರದು, ಡ್ಯಾಶ್ ಒಳಗಿನ ಪೆಟ್ಟಿಗೆ ಮೇಲೆ ಮನೆ ಕಟ್ಟಿದವರು ಬೇರೊಂದು ಕಂಪನಿಯಿಂದ ತರಿಸಿ ಕೂರಿಸಿದ್ದು, ನಡುವಿನ ಪೈಪುಗಳ ಉದ್ದ ಅವರವರ ವಿನ್ಯಾಸದಂತೆ. ಹಿಂದೆ ಇಂಜಿನ್ ಇರುವ ಡೀಸೆಲ್ ಗಾಡಿಗಳಲ್ಲಿ ಎಸಿಯ ಪೈಪು ಗಾಡಿಯ ಉದ್ದಕ್ಕೂ ಹೋಗಿ ಬರುತ್ತದೆ. ಆದ್ದರಿಂದ ಚಾಸಿಯ ಪುಸ್ತಕದಲ್ಲಿ ಬರೆದ ಗ್ಯಾಸಿನ ತೂಕವನ್ನು ನಂಬಬೇಡಿ. ಮನೆ ಕಟ್ಟಿದವರು ಮುಂದಿನ ಮುಚ್ಚಳದ ಒಳಗೆ, ತೇವ ಹೀರುವ ಡಬ್ಬಿಯಾದ ಡ್ರೈಯರ್‌ನ ಹತ್ತಿರ ಅಥವಾ ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿದ ಲೇಬಲ್ ಹುಡುಕಿ. ಸಿಗದಿದ್ದರೆ ಗಾಡಿಯ ಸರಣಿ ಸಂಖ್ಯೆ ಕೊಟ್ಟು ಅವರನ್ನೇ ಕೇಳಿ. ಕ್ಲಾಸ್ ಸಿ ಗಾಡಿಗಳಲ್ಲಿ ಕ್ಯಾಬ್, ಅಂದರೆ ಮುಂದಿನ ಚಾಲಕನ ಕೋಣೆ, ಚಾಸಿ ಕಂಪನಿಯದೇ ಆಗಿರುವುದರಿಂದ ಈ ಗೊಂದಲ ಕಡಿಮೆ.

ಡಬ್ಬಿಗೆ ಕೈ ಹಾಕುವ ಮೊದಲು

ಕೆಳಗಿನದನ್ನು ನಾನು ಹೇಳುವ ಕ್ರಮದಲ್ಲೇ ಮಾಡಿ. ಖರ್ಚಿಲ್ಲದ್ದು ಮೊದಲು.

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಪಾರ್ಕಿಂಗ್ ಬ್ರೇಕ್ ಎಳೆದು ಚಕ್ರಗಳಿಗೆ ಮರದ ತುಂಡು ಇಡಿ. ಗಾಳಿಯ ಸಸ್ಪೆನ್ಶನ್ ಇರುವ ಗಾಡಿಯ ಅಡಿಗೆ, ಬರೀ ಲೆವೆಲಿಂಗ್ ಜ್ಯಾಕ್ ನಂಬಿ ಎಂದೂ ತೆವಳಬೇಡಿ. ಗಾಳಿ ಇಳಿದರೆ ಗಾಡಿ ಹಲವು ಇಂಚು ಕುಸಿಯುತ್ತದೆ, ಅಡಿಯಲ್ಲಿದ್ದವರಿಗೆ ಹೊರಳಲೂ ಸಮಯವಿರುವುದಿಲ್ಲ. ಚಾಸಿಯ ಅಡಿಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟ ಮೇಲೇ ಹೋಗಿ.

ಮೊದಲು ಕಂಡೆನ್ಸರ್ ನೋಡಿ. ಮೋಟರ್‌ಹೋಮ್ ದೊಡ್ಡ ಗೋಡೆಯಂತೆ ಗಾಳಿಗೆ ಎದೆಕೊಟ್ಟು ಹೋಗುವ ಗಾಡಿ, ದಾರಿಯ ಹುಳುಹುಪ್ಪಟೆಯೆಲ್ಲ ಕಂಡೆನ್ಸರ್‌ನ ತೆಳು ರೆಕ್ಕೆಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಇಂಜಿನ್ ತಣ್ಣಗಿರುವಾಗ, ಸಾಧ್ಯವಿದ್ದರೆ ಹಿಂಬದಿಯಿಂದ ಮುಂದಕ್ಕೆ, ತೋಟದ ಪೈಪಿನ ಮೃದು ನೀರಿನಲ್ಲಿ ತೊಳೆಯಿರಿ. ಪ್ರೆಶರ್ ವಾಷರ್ ಬೇಡ, ರೆಕ್ಕೆಗಳು ಮಲಗಿಬಿಡುತ್ತವೆ. ಮಲಗಿದ್ದರೆ ಅದಕ್ಕೆಂದೇ ಸಿಗುವ ಬಾಚಣಿಗೆಯಿಂದ ನಿಧಾನ ಎಬ್ಬಿಸಿ. ಹಿಂಬದಿ ರೇಡಿಯೇಟರ್ ಇರುವ ಡೀಸೆಲ್ ಗಾಡಿಗಳಲ್ಲಿ ಕಂಡೆನ್ಸರ್ ಕೂಡ ಅಲ್ಲೇ ಇದ್ದರೆ, ಇಂಜಿನ್ನಿನ ಉಸಿರುಕೊಳವೆಯಿಂದ ಬಂದ ಎಣ್ಣೆಯ ಆವಿ ಧೂಳಿನ ಜೊತೆ ಸೇರಿ ಕಂಬಳಿಯಂತೆ ಕೂತಿರುತ್ತದೆ. ಅದಕ್ಕೆ ನೀರು ಸಾಲದು. ಅಲ್ಯೂಮಿನಿಯಂ ತಿನ್ನದ, ಎಣ್ಣೆ ಕರಗಿಸುವ ಸೋಪು ಹಚ್ಚಿ ಕಾಲು ಗಂಟೆ ಬಿಟ್ಟು ತೊಳೆಯಬೇಕು. ನಾನು ಇದನ್ನು ಗೆಳೆಯರೊಬ್ಬರ ಗಾಡಿಯಲ್ಲಿ ಮಾಡಿದೆ. ನೀರು ಕಪ್ಪಗೆ ಹರಿಯುವುದು ನಿಂತದ್ದು ನಾಲ್ಕನೇ ಸಲಕ್ಕೆ.

ಆಮೇಲೆ ಇಂಜಿನ್ ಹಚ್ಚಿ ಎಸಿ ಹಾಕಿ, ಕಂಪ್ರೆಸರ್‌ನ ಮುಂಭಾಗ ನೋಡಿ. ಬೆಲ್ಟಿನ ಗಾಲಿ ಯಾವಾಗಲೂ ತಿರುಗುತ್ತದೆ. ಅದರ ಮುಂದಿನ ಕ್ಲಚ್ ತಟ್ಟೆ ಎಸಿ ಹಾಕಿದಾಗ ಟಕ್ ಎಂದು ಅಂಟಿಕೊಂಡು ತಿರುಗಬೇಕು. ತಿರುಗದಿದ್ದರೆ ಫ್ಯೂಸ್, ರಿಲೇ, ಪ್ರೆಶರ್ ಸ್ವಿಚ್ಚಿನ ವಯರ್ ನೋಡಿ. ಹಳೆಯ ಕ್ಲಚ್‌ಗಳಲ್ಲಿ ತಟ್ಟೆ ಸವೆದು ಅಂತರ ಹೆಚ್ಚಾಗಿರುತ್ತದೆ: ತಣ್ಣಗಿರುವಾಗ ಅಂಟಿಕೊಳ್ಳುತ್ತದೆ, ಕಾಯಿಲ್ ಬಿಸಿಯಾದ ಮೇಲೆ ಬಿಟ್ಟುಬಿಡುತ್ತದೆ. ಮೋಟರ್‌ಹೋಮ್‌ಗಳಲ್ಲಿ ಹೆಚ್ಚು ಕಾಣುವ ಸ್ಯಾಂಡೆನ್ ಕಂಪ್ರೆಸರ್‌ನಲ್ಲಿ ಈ ಅಂತರ 0.4ರಿಂದ 0.8 ಮಿಲಿಮೀಟರ್ ಒಳಗಿರಬೇಕು. ಸಂದಿ ಅಳೆಯುವ ತೆಳು ಪಟ್ಟಿ, ಫೀಲರ್ ಗೇಜ್, ತೂರಿಸಿ ನೋಡಿ. ತಟ್ಟೆಯ ಹಿಂದಿನ ತೆಳು ವಾಷರ್ ಒಂದನ್ನು ತೆಗೆದರೆ ಸರಿಹೋಗುವ ಈ ತೊಂದರೆಗೆ ಹೊಸ ಕಂಪ್ರೆಸರ್ ಹಾಕಿಸಿಕೊಂಡವರನ್ನು ಕಂಡಿದ್ದೇನೆ. ಅಂತರ ಅಳೆಯುವಾಗ ಇಂಜಿನ್ ಆರಿಸಿರಲಿ. ಓಡುವಾಗ ಸಡಿಲ ತೋಳು, ಸರ, ದುಪಟ್ಟಾ ಯಾವುದೂ ಬೆಲ್ಟಿನ ಹತ್ತಿರ ಸುಳಿಯಬಾರದು.

ಮೂರನೆಯದಕ್ಕೆ ಬರುತ್ತೇನೆ. ಮೋಟರ್‌ಹೋಮ್‌ಗಳಲ್ಲಿ ಅತಿ ಹೆಚ್ಚು ಜನ ತಪ್ಪಿಸಿಕೊಳ್ಳುವುದು ಇದನ್ನೇ, ನಾನೂ ತಪ್ಪಿಸಿಕೊಂಡಿದ್ದೆ. ಡ್ಯಾಶ್ ಪೆಟ್ಟಿಗೆಯಲ್ಲಿ ತಣ್ಣಗಿನ ಇವ್ಯಾಪರೇಟರ್‌ನ ಬೆನ್ನಿಗೇ ಹೀಟರ್ ಕೋರ್ ಇರುತ್ತದೆ. ಇಂಜಿನ್ನಿನ ಕುದಿವ ನೀರು ಅದರೊಳಗೆ ಹರಿಯದಂತೆ ತಡೆಯಲು ಒಂದು ವಾಲ್ವ್ ಉಂಟು. ಅದು ಪೂರ್ತಿ ಮುಚ್ಚದಿದ್ದರೆ ಎಸಿ ತಣ್ಣಗೆ ಮಾಡಿದ ಗಾಳಿಯನ್ನು ಅದೇ ಪೆಟ್ಟಿಗೆಯಲ್ಲಿ ಹೀಟರ್ ಬಿಸಿ ಮಾಡಿ ಕಳಿಸುತ್ತದೆ. ಗುರುತು ಹೀಗೆ: ಬೆಳಿಗ್ಗೆ ಹೊರಟಾಗ ಗಾಳಿ ಚೆನ್ನಾಗಿ ತಣ್ಣಗಿರುತ್ತದೆ, ಇಂಜಿನ್ ಬಿಸಿಯಾಗುತ್ತಿದ್ದಂತೆ ಹದಿನೈದು ಇಪ್ಪತ್ತು ನಿಮಿಷದಲ್ಲಿ ಬೆಚ್ಚಗಾಗುತ್ತ ಬರುತ್ತದೆ. ಪರೀಕ್ಷೆಯೂ ಸುಲಭ. ಪೈಪ್ ಹಿಂಡುವ ಇಕ್ಕಳದಿಂದ ಹೀಟರಿಗೆ ಹೋಗುವ ರಬ್ಬರ್ ಪೈಪನ್ನು ಒತ್ತಿ ಹಿಡಿದು ಇಪ್ಪತ್ತು ನಿಮಿಷ ಓಡಿಸಿ. ತಂಪು ಮರಳಿ ಬಂದರೆ ಗ್ಯಾಸಿನದೇನೂ ತಪ್ಪಿಲ್ಲ. ವಾಲ್ವ್ ಬದಲಿಸಿ, ಕೆಲಸ ಮುಗಿಯಿತು. ಬೇಸಿಗೆ ಪೂರ್ತಿ ಫೀನಿಕ್ಸ್‌ನಲ್ಲೇ ಇರುವವರು ಕೈಯಿಂದ ತಿರುಗಿಸುವ ಬಾಲ್ ವಾಲ್ವ್ ಒಂದನ್ನು ಆ ಪೈಪಿಗೆ ಸೇರಿಸಿಕೊಳ್ಳುವುದೂ ಒಳ್ಳೆಯದು. ನಾನು ಹಾಗೆ ಮಾಡಿದ್ದೇನೆ. ಏಪ್ರಿಲ್‌ನಲ್ಲಿ ಮುಚ್ಚುತ್ತೇನೆ, ನವೆಂಬರ್‌ನಲ್ಲಿ ತೆರೆಯುತ್ತೇನೆ.

ಗುಡ್ಡ ಹತ್ತುವಾಗ ಮಾತ್ರ ತಂಪುಗಾಳಿ ಮುಂದಿನ ಕಿಂಡಿಗಳಿಂದ ಮಾಯವಾಗಿ ಗಾಜಿನ ಕಡೆಗೆ ಹೋಗುತ್ತದೆಯೇ? ಅದು ವ್ಯಾಕ್ಯೂಮಿನ, ಅಂದರೆ ನಿರ್ವಾತದ ಎಳೆತದ ತೊಂದರೆ. ಹಳೆಯ ಪೆಟ್ರೋಲ್ ಗಾಡಿಗಳಲ್ಲಿ ಗಾಳಿಯ ಬಾಗಿಲುಗಳನ್ನು ಇಂಜಿನ್ನಿನ ವ್ಯಾಕ್ಯೂಮ್ ಎಳೆಯುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ವ್ಯಾಕ್ಯೂಮ್ ಕುಸಿಯುತ್ತದೆ. ಸಣ್ಣ ಕೊಳವೆ ಸೀಳಿದ್ದರೆ ಅಥವಾ ವ್ಯಾಕ್ಯೂಮ್ ಉಳಿಸುವ ಡಬ್ಬಿಯ ಒಮ್ಮುಖ ವಾಲ್ವ್ ಕೆಟ್ಟಿದ್ದರೆ ಬಾಗಿಲು ತಾನಾಗಿ ಗಾಜಿನ ಕಡೆ ತಿರುಗುತ್ತದೆ. ಎರಡು ಡಾಲರಿನ ರಬ್ಬರ್ ಕೊಳವೆಯಲ್ಲಿ ಸರಿಯಾಗುವ ದೋಷ.

ಇನ್ನುಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಮ್ಯಾಕ್ಸ್ ಎಸಿ ಇಟ್ಟಾಗ ಹೊರಗಾಳಿಯ ಬಾಗಿಲು ನಿಜಕ್ಕೂ ಮುಚ್ಚುತ್ತದೆಯೇ ನೋಡಿ. ಡ್ಯಾಶ್ ಪೆಟ್ಟಿಗೆಯ ಸುತ್ತಲಿನ ಸ್ಪಂಜು ಪುಡಿಯಾಗಿದ್ದರೆ ಹೊಸದು ಅಂಟಿಸಿ, ಇಲ್ಲದಿದ್ದರೆ ಇಂಜಿನ್ನಿನ ಬಿಸಿಗಾಳಿ ಒಳಗೆ ಬರುತ್ತದೆ. ಗಾಳಿ ಎಳೆಯುವ ಬಾಯಿಯಲ್ಲಿ ಎಲೆ, ಇಲಿಯ ಗೂಡು ಇದ್ದರೆ ತೆಗೆಯಿರಿ. ನೀರು ತೊಟ್ಟಿಕ್ಕುವ ಕೊಳವೆ ಕಟ್ಟಿದ್ದರೆ ಕಾಲಡಿ ಕಾರ್ಪೆಟ್ ಒದ್ದೆಯಾಗುತ್ತದೆ, ವಾಸನೆ ಬರುತ್ತದೆ.

ಸೋರಿಕೆ ಹುಡುಕುವುದು

ಮೋಟರ್‌ಹೋಮ್‌ಗಳು ಓಡಿ ಹಾಳಾಗುವುದಕ್ಕಿಂತ ನಿಂತು ಹಾಳಾಗುವುದು ಹೆಚ್ಚು. ಕಂಪ್ರೆಸರ್‌ನ ಅಕ್ಷದ ಸೀಲ್ ಎಣ್ಣೆಯಿಂದ ನೆನೆದಿದ್ದರೆ ಮಾತ್ರ ಗ್ಯಾಸ್ ಹಿಡಿದಿಡುತ್ತದೆ. ಆರು ತಿಂಗಳು ನಿಂತ ಗಾಡಿಯಲ್ಲಿ ಆ ಎಣ್ಣೆ ಕೆಳಗಿಳಿದು ಸೀಲ್ ಒಣಗುತ್ತದೆ. ಆದ್ದರಿಂದ ತಿಂಗಳಿಗೊಮ್ಮೆ, ಚಳಿಗಾಲದಲ್ಲೂ, ಹತ್ತು ನಿಮಿಷ ಎಸಿ ಓಡಿಸಿ. ಚಳಿ ಹೆಚ್ಚಿದ್ದರೆ ಪ್ರೆಶರ್ ಸ್ವಿಚ್ ಕಂಪ್ರೆಸರ್ ಓಡಲು ಬಿಡುವುದಿಲ್ಲ, ಬಿಸಿಲೇರಿದ ಮಧ್ಯಾಹ್ನ ಓಡಿಸಿ.

ಸೋರುವ ಜಾಗದಲ್ಲಿ ಎಣ್ಣೆಯೂ ಹೊರಬರುತ್ತದೆ, ಅದಕ್ಕೆ ಧೂಳು ಅಂಟುತ್ತದೆ. ಟಾರ್ಚ್ ಹಿಡಿದು ಪೈಪಿನ ಪ್ರತಿ ಕೀಲನ್ನೂ ನೋಡಿ. ಒಣಗಿದ ಪೈಪಿನ ಮೇಲೆ ಒಂದೇ ಕಡೆ ಜಿಡ್ಡು ಕಂಡರೆ ಅಲ್ಲಿ ಸೋಪಿನ ನೀರು ಸಿಂಪಡಿಸಿ ಗುಳ್ಳೆ ಏಳುತ್ತದೆಯೇ ನೋಡಿ. ಉದ್ದದ ಪೈಪುಗಳು ಚಾಸಿಯ ಕಬ್ಬಿಣಕ್ಕೆ ಉಜ್ಜಿ ಸವೆದಿರುವ ಕಡೆ ವಿಶೇಷ ಗಮನವಿರಲಿ. ಗ್ಯಾಸ್ ತುಂಬುವ ಬಾಯಿಗಳ ಒಳಗೆ ಟೈರಿನ ವಾಲ್ವಿನಂಥದ್ದೇ ಪುಟ್ಟ ವಾಲ್ವ್ ಇದೆ, ಅದೂ ಸೋರುತ್ತದೆ. ಬಾಯಿಯ ಪ್ಲಾಸ್ಟಿಕ್ ಮುಚ್ಚಳವೂ ಒಂದು ಸೀಲೇ, ಕಳೆದಿದ್ದರೆ ಇಂದೇ ಹೊಸದು ಹಾಕಿ. ಸೋಪಿಗೆ ಸಿಗದ ಸಣ್ಣ ಸೋರಿಕೆಗೆ ಯುವಿ ಬಣ್ಣ ಸೇರಿಸಿ ಕೆಲವು ದಿನ ಓಡಿಸಿ, ರಾತ್ರಿ ನೀಲಿ ಟಾರ್ಚಿನಲ್ಲಿ ನೋಡಿದರೆ ಹಸಿರು ಹಳದಿಯಾಗಿ ಹೊಳೆಯುತ್ತದೆ.

ಅಂಗಡಿಯಲ್ಲಿ "ಸೋರಿಕೆ ನಿಲ್ಲಿಸುವ" ದ್ರವ ಬೆರೆಸಿದ ಡಬ್ಬಿಗಳೂ ಸಿಗುತ್ತವೆ. ದಯವಿಟ್ಟು ಅವನ್ನು ಮುಟ್ಟಬೇಡಿ. ಅವುಗಳಲ್ಲಿ ಹಲವದರಲ್ಲಿರುವುದು ತೇವ ತಾಗಿದಲ್ಲಿ ಗಟ್ಟಿಯಾಗುವ ಅಂಟು. ಒಳಗೆ ತೇವವಿದ್ದರೆ ಕಿರಿದಾದ ಕಿಂಡಿಗಳಲ್ಲೇ ಗಟ್ಟಿಯಾಗುತ್ತದೆ. ಮುಂದೆ ನಿಮ್ಮ ಗಾಡಿಯ ಗ್ಯಾಸ್ ಹೊರತೆಗೆಯುವ ಮೆಕ್ಯಾನಿಕ್‌ನ ದುಬಾರಿ ಯಂತ್ರವೂ ಕೆಡಬಹುದು. ಎಷ್ಟೋ ಕಡೆ ಅದು ಇದೆಯೆಂದು ತಿಳಿದರೆ ಗಾಡಿ ಮುಟ್ಟುವುದೇ ಇಲ್ಲ.

ಗೇಜ್ ಏನು ಹೇಳುತ್ತದೆ

ನೀಲಿ, ಕೆಂಪು ಎರಡು ಮುಖದ ಗೇಜ್ ಸೆಟ್ ಬೇಕು: ನೀಲಿ ಕೆಳ ಒತ್ತಡಕ್ಕೆ, ಕೆಂಪು ಮೇಲೊತ್ತಡಕ್ಕೆ. ಡಬ್ಬಿಯ ಜೊತೆ ಬರುವ ಒಂಟಿ ಗೇಜ್ ಕೆಳ ಒತ್ತಡವನ್ನು ಮಾತ್ರ ತೋರಿಸುತ್ತದೆ, ಅರ್ಧ ಸತ್ಯ ಹೇಳುತ್ತದೆ. ಆರ್-134ಎ ವ್ಯವಸ್ಥೆಯಲ್ಲಿ ಕೆಳ ಒತ್ತಡದ ಬಾಯಿ ಚಿಕ್ಕದು, ಮೇಲೊತ್ತಡದ್ದು ದೊಡ್ಡದು, ಹಾಗಾಗಿ ಗೇಜಿನ ಪೈಪಿನ ತುದಿಯ ಕಪ್ಲರ್ ಅದಲುಬದಲಾಗುವುದಿಲ್ಲ. ಕನ್ನಡಕ, ಕೈಗವಸು ಹಾಕಿಕೊಳ್ಳಿ. ಚಿಮ್ಮಿದ ದ್ರವ ಕಣ್ಣಿಗೆ ಬಿದ್ದರೆ ಅಲ್ಲೇ ಹೆಪ್ಪುಗಟ್ಟಿಸುತ್ತದೆ. ಹತ್ತಿರ ಬೆಂಕಿ, ಸಿಗರೇಟು ಇರಬಾರದು. ಜ್ವಾಲೆಗೆ ತಾಗಿದ ಈ ಗ್ಯಾಸ್ ವಿಷವಾಗುತ್ತದೆ.

ಇಂಜಿನ್ ಹಚ್ಚುವ ಮೊದಲು, ರಾತ್ರಿಯಿಡೀ ನಿಂತ ಗಾಡಿಯಲ್ಲಿ, ಎರಡೂ ಮುಳ್ಳು ಒಂದೇ ಅಂಕಿ ತೋರಿಸುತ್ತವೆ. 70 ಡಿಗ್ರಿ ಫ್ಯಾರನ್‌ಹೀಟ್‌ಗೆ ಸುಮಾರು 71 ಪಿಎಸ್‌ಐ, 80ಕ್ಕೆ 87, 90ಕ್ಕೆ 104, 100ಕ್ಕೆ 124. ಇಲ್ಲೊಂದು ಸೂಕ್ಷ್ಮ ಗಮನಿಸಿ: ಒಳಗೆ ಸ್ವಲ್ಪ ದ್ರವ ಉಳಿದಿದ್ದರೂ ಸಾಕು, ಮುಳ್ಳು ಇದೇ ಅಂಕಿ ತೋರಿಸುತ್ತದೆ. ಅರ್ಧ ಸಿಲಿಂಡರಿನ ಅಡುಗೆ ಗ್ಯಾಸೂ ತುಂಬಿದ ಸಿಲಿಂಡರಿನಷ್ಟೇ ಜೋರಾಗಿ ಉರಿಯುತ್ತದಲ್ಲ, ಹಾಗೆ. ಆದ್ದರಿಂದ ನಿಂತ ಗಾಡಿಯ ಒತ್ತಡದಿಂದ "ಏನೋ ಇದೆ" ಅಥವಾ "ಏನೂ ಇಲ್ಲ" ಎಂಬುದಷ್ಟೇ ತಿಳಿಯುತ್ತದೆ. ಎಷ್ಟಿದೆ ಎಂದು ತಿಳಿಯುವುದಿಲ್ಲ.

ಈಗ ಇಂಜಿನ್ ಹಚ್ಚಿ, ವೇಗ 1,500 ಆರ್‌ಪಿಎಂ ಹತ್ತಿರ ಹಿಡಿದು, ಬಾಗಿಲು ತೆರೆದಿಟ್ಟು, ಎಸಿ ಮ್ಯಾಕ್ಸ್, ಫ್ಯಾನ್ ಪೂರ್ತಿ ಇಟ್ಟು ಐದಾರು ನಿಮಿಷ ಬಿಡಿ. ನೀಲಿ ಮುಳ್ಳು 25ರಿಂದ 45 ನಡುವೆ ಇರುವುದು ಸಾಮಾನ್ಯ. ಕೆಂಪು ಮುಳ್ಳಿಗೆ ನನ್ನ ಲೆಕ್ಕ: ಹೊರಗಿನ ಫ್ಯಾರನ್‌ಹೀಟ್ ಅಂಕಿಯ 2.2ರಿಂದ 2.5 ಪಟ್ಟು. 95 ಡಿಗ್ರಿಯ ದಿನ 210ರಿಂದ 240. ಎರಡೂ ಕಡಿಮೆ ಇದ್ದು ಕ್ಲಚ್ ಪದೇ ಪದೇ ಹಿಡಿದು ಬಿಡುತ್ತಿದ್ದರೆ ಗ್ಯಾಸ್ ಕಡಿಮೆ. ನೀಲಿ ಹೆಚ್ಚು, ಕೆಂಪು ಕಡಿಮೆಯಿದ್ದರೆ ಕಂಪ್ರೆಸರ್ ಸೋತಿದೆ. ನೀಲಿ ಸೊನ್ನೆಯ ಕೆಳಗೆ ಇಳಿದರೆ ನಡುವೆ ಎಲ್ಲೋ ಕಟ್ಟಿದೆ, ಬಹಳ ಸಲ ಒಳಗಿನ ತೇವ ಮಂಜುಗಟ್ಟಿ. ಎರಡೂ ಹೆಚ್ಚಿದ್ದರೆ ಗ್ಯಾಸ್ ಹೆಚ್ಚಾಗಿದೆ, ಇಲ್ಲವೇ ಕಂಡೆನ್ಸರ್‌ಗೆ ಗಾಳಿ ಸಾಲದು.

ಕೊನೆಯ ಎರಡರಲ್ಲಿ ಯಾವುದೆಂದು ತಿಳಿಯಲು ಸ್ಪ್ರೇ ಬಾಟಲಿಯಿಂದ ಕಂಡೆನ್ಸರ್‌ನ ಮೇಲೆ ನೀರು ಸಿಂಪಡಿಸಿ. ಕೆಂಪು ಮುಳ್ಳು ಸರ್ರನೆ ಇಳಿದು ಒಳಗೆ ತಂಪು ಬಂದರೆ ಮೊದಲು ಫ್ಯಾನ್ ನೋಡಿ: ವಿದ್ಯುತ್ ಫ್ಯಾನಿನ ರಿಲೇ, ಅಥವಾ ಇಂಜಿನ್ ಫ್ಯಾನಿನ ಕ್ಲಚ್. ಹೆದ್ದಾರಿಯಲ್ಲಿ ತಣ್ಣಗಿದ್ದು ಸಿಗ್ನಲ್‌ನಲ್ಲಿ ಬೆಚ್ಚಗಾಗುವ ಗಾಡಿಗೂ ಇದೇ ಉತ್ತರ.

ಗ್ಯಾಸ್ ತುಂಬುವುದು

ಮೊದಲು ಯಾವ ಗ್ಯಾಸ್ ಎಂದು ಖಚಿತ ಮಾಡಿಕೊಳ್ಳಿ. 1990ರ ದಶಕದ ಮೊದಲ ವರ್ಷಗಳವರೆಗಿನ ಗಾಡಿಗಳು ಆರ್-12 ಬಳಸುತ್ತಿದ್ದವು. ಅದರ ತಯಾರಿಕೆ ಅಮೆರಿಕದಲ್ಲಿ 1995ರ ಕೊನೆಗೆ ನಿಂತಿತು. ಆಮೇಲಿನವು ಆರ್-134ಎ. ಈಚಿನ ಗಾಡಿಗಳಲ್ಲಿ ಆರ್-1234ವೈಎಫ್ ಇರಬಹುದು. ಅದರ ಬಾಯಿಯೇ ಬೇರೆ, ಬೆಲೆ ಹಲವು ಪಟ್ಟು, ಸ್ವಲ್ಪ ಹೊತ್ತಿಕೊಳ್ಳುವ ಗುಣವೂ ಇದೆ. ಅದನ್ನು ವರ್ಕ್‌ಶಾಪಿಗೇ ಬಿಡಿ. ಒಂದನ್ನು ಇನ್ನೊಂದಕ್ಕೆ ಬೆರೆಸಲೇಬಾರದು.

ಕಾನೂನಿನ ಮಾತು. ಅಮೆರಿಕದ ಕ್ಲೀನ್ ಏರ್ ಆಕ್ಟ್ ಪ್ರಕಾರ ಗ್ಯಾಸನ್ನು ಬೇಕೆಂದೇ ಗಾಳಿಗೆ ಬಿಡುವುದು ಅಪರಾಧ. ಹಣ ಪಡೆದು ಗಾಡಿ ಎಸಿ ರಿಪೇರಿ ಮಾಡುವವರಿಗೆ 609ನೇ ಸೆಕ್ಷನ್ನಿನ ಪ್ರಮಾಣಪತ್ರ ಬೇಕು. ನಮ್ಮದೇ ಗಾಡಿಗೆ ಎರಡು ಪೌಂಡ್‌ವರೆಗಿನ ಸಣ್ಣ ಡಬ್ಬಿಗಳನ್ನು ಪ್ರಮಾಣಪತ್ರವಿಲ್ಲದೆ ಕೊಳ್ಳಬಹುದು. 2018ರಿಂದ ಅವಕ್ಕೆ ತಾನೇ ಮುಚ್ಚಿಕೊಳ್ಳುವ ವಾಲ್ವ್ ಕಡ್ಡಾಯ. ನನಗೆ ಇದು ಬರೀ ಕಾನೂನಲ್ಲ. 12 ಔನ್ಸ್, ಅಂದರೆ 340 ಗ್ರಾಮಿನ ಒಂದು ಡಬ್ಬಿ ಗಾಳಿಗೆ ಹೋದರೆ 400 ಕಿಲೋಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟು ಶಾಖ ಭೂಮಿಗೆ ಅಂಟುತ್ತದೆ. 2023ರಲ್ಲಿ ಫೀನಿಕ್ಸ್‌ನಲ್ಲಿ ಸತತ 31 ದಿನ 110 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕೂ ಹೆಚ್ಚಿದ್ದ ಬಿಸಿಲನ್ನು ಕಂಡವರಿಗೆ ಸೋರುವ ಗಾಡಿಗೆ ಮತ್ತೆ ಮತ್ತೆ ಗ್ಯಾಸ್ ಸುರಿಯಲು ಮನಸ್ಸು ಬರಬಾರದು.

ಹಾಗಾಗಿ ನನ್ನ ಸಲಹೆ: ಒಳಗೆ ಗ್ಯಾಸ್ ಉಳಿದಿದ್ದು ಸೋರಿಕೆ ಸಿಕ್ಕಿದ್ದರೆ, ಉಳಿದದ್ದನ್ನು ಯಂತ್ರದಿಂದ ಹೊರತೆಗೆಸಲು ವರ್ಕ್‌ಶಾಪಿಗೆ ಹೋಗಿ. ಗಾಡಿಯ ಎತ್ತರದ ಕಾರಣಕ್ಕೆ ಕಾರ್ ಮೆಕ್ಯಾನಿಕ್‌ಗಳು ಒಲ್ಲೆ ಎನ್ನಬಹುದು, ಲಾರಿ ರಿಪೇರಿ ಮಾಡುವ ಕಡೆ ಕೇಳಿ. ಆಮೇಲಿನದನ್ನು ಮನೆಯಲ್ಲೇ ಮಾಡಬಹುದು.

ಸೋರುವ ಭಾಗ ಬದಲಿಸುವಾಗ ಓ-ರಿಂಗ್‌ಗಳನ್ನು ಎಸಿ ಎಣ್ಣೆಯಲ್ಲಿ ಅದ್ದಿ ಹಾಕಿ. ಡ್ರೈಯರ್ ಅಥವಾ ಅಕ್ಯುಮ್ಯುಲೇಟರ್ ಬದಲಿಸಿ. ಒಳಗಿನ ತೇವ ಹೀರುವ ಕಾಳುಗಳು ಗಾಳಿಗೆ ತೆರೆದುಕೊಂಡ ಮೇಲೆ ಉಪಯೋಗಕ್ಕಿಲ್ಲ. ಹೊಸದರ ಮುಚ್ಚಳವನ್ನು ಕೊನೆಯ ಗಳಿಗೆಯಲ್ಲಷ್ಟೇ ತೆಗೆಯಿರಿ. ಎಣ್ಣೆ ಕಂಪ್ರೆಸರ್ ಹೇಳಿದ್ದೇ ಆಗಿರಲಿ: ಫೋರ್ಡ್‌ನವಕ್ಕೆ ಸಾಮಾನ್ಯವಾಗಿ ಪ್ಯಾಗ್ 46, ಸ್ಯಾಂಡೆನ್ ಎಸ್‌ಡಿ7ಎಚ್15ಗೆ ಪ್ಯಾಗ್ 100. ಬದಲಿಸಿದ ಭಾಗದಲ್ಲಿ ಹೋದಷ್ಟೇ ಎಣ್ಣೆ ಹಾಕಬೇಕು. ಹೆಚ್ಚಾದರೆ ತಂಪು ಕಡಿಮೆಯಾಗುತ್ತದೆ, ಕಡಿಮೆಯಾದರೆ ಕಂಪ್ರೆಸರ್ ಸುಟ್ಟುಹೋಗುತ್ತದೆ. ಪ್ಯಾಗ್ ಎಣ್ಣೆ ಮಳೆಗಾಲದ ಉಪ್ಪಿನಂತೆ ಗಾಳಿಯ ತೇವ ಹೀರುತ್ತದೆ, ತೆರೆದ ಬಾಟಲಿ ಮುಂದಿನ ವರ್ಷಕ್ಕೆ ಇಡಬೇಡಿ.

ಈಗ ವ್ಯಾಕ್ಯೂಮ್. ಇದನ್ನು ಬಿಟ್ಟು ಯಾರೂ ಗ್ಯಾಸ್ ಹಾಕಬಾರದು. ಗಾಳಿ ಹೊರಗೆಳೆಯುವ ಪಂಪನ್ನು ಗೇಜ್ ಸೆಟ್ಟಿಗೆ ಜೋಡಿಸಿ ಅದರ ಎರಡೂ ವಾಲ್ವ್ ತೆರೆದು 45 ನಿಮಿಷ ಓಡಿಸಿ. ಉದ್ದ ಪೈಪಿನ ಡೀಸೆಲ್ ಗಾಡಿಗೆ ಒಂದು ಗಂಟೆ. ಸಮುದ್ರಮಟ್ಟದಲ್ಲಿ ನೀಲಿ ಮುಳ್ಳು ವ್ಯಾಕ್ಯೂಮಿನ 29 ಇಂಚು (ಪಾದರಸದ ಅಳತೆ) ದಾಟಬೇಕು, ಆಗ ಮಾತ್ರ ಒಳಗಿನ ತೇವ ಕೋಣೆಯ ತಾಪದಲ್ಲೇ ಕುದಿದು ಹೊರಬರುತ್ತದೆ. ಪ್ರತಿ ಸಾವಿರ ಅಡಿ ಎತ್ತರಕ್ಕೆ ಸುಮಾರು ಒಂದು ಇಂಚು ಕಳೆಯಿರಿ: ಏಳು ಸಾವಿರ ಅಡಿಯ ಫ್ಲ್ಯಾಗ್‌ಸ್ಟಾಫ್‌ನಲ್ಲಿ 23 ಇಂಚಿಗೇ ನಿಂತರೆ ಪಂಪ್ ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ವಾಲ್ವ್ ಮುಚ್ಚಿ, ಪಂಪ್ ನಿಲ್ಲಿಸಿ, ಅರ್ಧ ಗಂಟೆ ಕಾಯಿರಿ. ಮುಳ್ಳು ಅಲುಗಿದರೆ ಸೋರಿಕೆ ಇನ್ನೂ ಇದೆ. ಹಿಂದಕ್ಕೆ ಹೋಗಿ ಮತ್ತೆ ಹುಡುಕಿ. ಬೇಸರವಾಗುತ್ತದೆ, ಆದರೂ ಹುಡುಕಲೇಬೇಕು.

ತುಂಬುವುದು ತೂಕದ ಲೆಕ್ಕದಲ್ಲಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಲೇಬಲ್‌ನಲ್ಲಿ ಎರಡೂವರೆ ಪೌಂಡ್ ಎಂದಿದ್ದರೆ ಅದು 40 ಔನ್ಸ್: 12 ಔನ್ಸಿನ ಮೂರು ಡಬ್ಬಿ ಪೂರ್ತಿ, ನಾಲ್ಕನೆಯದರಲ್ಲಿ 4 ಔನ್ಸ್. ಪ್ರತಿ ಡಬ್ಬಿಯನ್ನೂ ಮೊದಲು, ಆಮೇಲೆ ತೂಗಿ ಬರೆದುಕೊಳ್ಳಿ. ಡಬ್ಬಿಯಲ್ಲಿ ಸ್ವಲ್ಪ ಉಳಿದೇ ಉಳಿಯುತ್ತದೆ. ಡಬ್ಬಿ ಸೇರಿಸಿದಾಗ ಗೇಜ್ ಸೆಟ್ಟಿನ ನಡುವಿನ ಹಳದಿ ಪೈಪಿನ ಗಾಳಿಯನ್ನು ಗೇಜಿನ ಕಡೆಯಿಂದ ಒಂದು ಕ್ಷಣ ಮಾತ್ರ ಸಡಿಲಿಸಿ ಹೊರಹಾಕಿ.

ಮೊದಲ ಡಬ್ಬಿಯನ್ನು ಇಂಜಿನ್ ಆರಿಸಿದ್ದಾಗಲೇ ಬಿಡಿ, ವ್ಯಾಕ್ಯೂಮ್ ತಾನೇ ಎಳೆದುಕೊಳ್ಳುತ್ತದೆ. ಹರಿವು ನಿಂತ ಮೇಲೆ ಇಂಜಿನ್ ಹಚ್ಚಿ ಎಸಿ ಹಾಕಿ, ಉಳಿದದ್ದನ್ನು ನೀಲಿ ವಾಲ್ವಿನಿಂದ, ಡಬ್ಬಿ ನೆಟ್ಟಗೆ ಹಿಡಿದು ಆವಿಯಾಗಿ ಬಿಡಿ. ತಲೆಕೆಳಗಾಗಿ ಹಿಡಿದರೆ ದ್ರವ ಹೋಗುತ್ತದೆ, ದ್ರವ ಒತ್ತಲಾಗದ ಕಂಪ್ರೆಸರ್ ಒಡೆಯುತ್ತದೆ. ಡಬ್ಬಿ ತಣ್ಣಗಾಗಿ ಹರಿವು ನಿಧಾನವಾದರೆ ಬೆಚ್ಚಗಿನ ನೀರಿನ ಬೋಗುಣಿಯಲ್ಲಿಡಿ. ಕೈಗೆ ಸುಡುವಷ್ಟು ಬಿಸಿ ಬೇಡ. ಇಂಜಿನ್ ಓಡುವಾಗ ಕೆಂಪು ವಾಲ್ವ್ ಎಂದೂ ತೆರೆಯಬೇಡಿ. ಕಂಪ್ರೆಸರ್‌ನ ಒತ್ತಡವೆಲ್ಲ ಕೈಯಲ್ಲಿರುವ ಡಬ್ಬಿಗೆ ನುಗ್ಗಿ ಅದು ಸಿಡಿಯುತ್ತದೆ. ನಾನು ಕೆಂಪು ವಾಲ್ವಿನ ಹಿಡಿಗೆ ಟೇಪ್ ಸುತ್ತಿ ಇಟ್ಟಿರುತ್ತೇನೆ.

ತೂಕ ಮುಟ್ಟಿದೊಡನೆ ನಿಲ್ಲಿಸಿ. "ಇನ್ನೂ ಸ್ವಲ್ಪ" ಎನ್ನುವ ಆಸೆ ಬರುತ್ತದೆ. ಹೆಚ್ಚು ಗ್ಯಾಸ್ ಹೆಚ್ಚು ತಂಪು ಕೊಡುವುದಿಲ್ಲ. ದ್ರವ ಕಂಡೆನ್ಸರ್‌ನಲ್ಲೇ ತುಂಬಿಕೊಂಡು ಶಾಖ ಬಿಡುವ ಜಾಗ ಕಡಿಮೆಯಾಗುತ್ತದೆ, ಗಾಳಿ ಬೆಚ್ಚಗಾಗುತ್ತದೆ.

ನಡುವಿನ ಕಿಂಡಿಗೆ ಥರ್ಮಾಮೀಟರ್ ತೂರಿಸಿ. ಒಳಗೆ ಎಳೆದ ಗಾಳಿಗಿಂತ 30ರಿಂದ 35 ಡಿಗ್ರಿ ಫ್ಯಾರನ್‌ಹೀಟ್ ಕಡಿಮೆ ಬಂದರೆ ಕೆಲಸ ಚೆನ್ನಾಗಿದೆ. ಮುಂದಿನ ಎರಡು ಸೀಟಿನ ಎಸಿ ಮೂವತ್ತು ಅಡಿ ಮನೆಯನ್ನು ತಣ್ಣಗೆ ಮಾಡಲಾರದು ಎಂಬುದನ್ನು ಮರೆಯಬೇಡಿ. ನಾವು ಸೀಟುಗಳ ಹಿಂದೆ ದಪ್ಪ ಪರದೆ ಎಳೆಯುತ್ತೇವೆ, ನಿಲ್ಲಿಸಿದಾಗ ದೊಡ್ಡ ಗಾಜಿಗೆ ಹೊರಗಿನಿಂದ ಬಿಸಿಲುತಡೆ ಕಟ್ಟುತ್ತೇವೆ, ಹಿಂದೆ ಮಕ್ಕಳಿದ್ದರೆ ಜನರೇಟರ್ ಹಚ್ಚಿ ಚಾವಣಿ ಎಸಿ ಓಡಿಸುತ್ತೇವೆ. ಐ-17ರ ಆ ಏರಿನಲ್ಲಿ ಇಂಜಿನ್ ಮುಳ್ಳು ಮೇಲೇರಿದರೆ ಡ್ಯಾಶ್ ಎಸಿ ಆರಿಸಿ ಚಾವಣಿಯದರಲ್ಲೇ ಸಾಗುತ್ತೇವೆ.

ಕೊನೆಗೆ ಎರಡು ಬಾಯಿಗಳಿಗೂ ಮುಚ್ಚಳ ಬಿಗಿದು, ಬಿಳಿ ಸ್ಟಿಕರ್ ಮೇಲೆ ಅಳಿಯದ ಪೆನ್ನಿನಲ್ಲಿ ತಾರೀಕು, ಗ್ಯಾಸಿನ ಹೆಸರು, ತೂಕ, ಎಣ್ಣೆಯ ಬಗೆ, ಆ ದಿನದ ಹೊರಗಿನ ತಾಪ, ಎರಡು ಒತ್ತಡ, ಕಿಂಡಿಯ ತಾಪ ಇಷ್ಟನ್ನೂ ಬರೆದು ಮುಂದಿನ ಮುಚ್ಚಳದ ಒಳಮೈಗೆ ಅಂಟಿಸಿ. ನಮ್ಮ ಗಾಡಿಯಲ್ಲಿ ಅಂಟಿಸಿದ್ದು ನಾಲ್ಕು ಬೇಸಿಗೆಯ ಹಿಂದೆ. ಅದರ ಪಕ್ಕದಲ್ಲಿ ಎರಡನೇ ಸ್ಟಿಕರ್ ಅಂಟಿಸುವ ಕೆಲಸ ಇನ್ನೂ ಬಂದಿಲ್ಲ.